ಆ ಕಬ್ಬಿಣ ಕಾಣದ ಹಾಗೆ ತೆಗೀರಿ!

ಹೋದ ಚಳಿಗಾಲದಲ್ಲಿ ನಮ್ಮ ಮನೆಗೆ ಬೆಂಗಳೂರಿನಿಂದ ನಾಲ್ಕು ಜನ ಹುಡುಗರು ಬಂದಿದ್ದರು. ಒಬ್ಬ ನನ್ನ ಹೆಂಡತಿಯ ಅಕ್ಕನ ಮಗ, ಉಳಿದ ಮೂವರು ಅವನ ಆಫೀಸಿನವರು. ಹುಡುಗರೇನೋ ಒಳ್ಳೆಯವರೇ. ಚಪ್ಪಲಿ ಹೊರಗೆ ಬಿಟ್ಟು ಬಂದರು, ಊಟಕ್ಕೆ ಕೂತಾಗ ಗೋಂಗೂರ ಪಚ್ಚಡಿ ಎರಡೆರಡು ಸಲ ಹಾಕಿಸಿಕೊಂಡರು. ಆದರೆ ಅವರ ಜೊತೆ ಬಂದ ಬ್ಯಾಗುಗಳಿದ್ದವಲ್ಲ, ಅಬ್ಬಬ್ಬಾ! ಒಂದೊಂದು ಲೆನ್ಸೂ ನಮ್ಮವ್ವನ ಒನಕೆಯಷ್ಟು ದಪ್ಪ. "ಕಾಕಾ, ನೀವು ಇಲ್ಲೇ ಮೂವತ್ತೈದು ವರ್ಷದಿಂದ ಇದ್ದೀರಿ, ಒಳ್ಳೊಳ್ಳೆ ಸ್ಪಾಟ್ ನಿಮಗೇ ಗೊತ್ತು, ನೀವೂ ಬನ್ನಿ" ಅಂದರು. ಹೊಗಳಿಕೆಗೆ ಉಬ್ಬದವರು ಯಾರು? ನಾನೂ ಹೊರಟೆ. ಮೊದಲು ಕೊಲ್ಲೇರು ಸರೋವರ, ಆಮೇಲೆ ವಿಶಾಖಪಟ್ಟಣ, ಕೊನೆಗೆ ಅರಕು ಕಣಿವೆ ಅಂತ ಪ್ರೋಗ್ರಾಮು.

ವಿಜಯವಾಡದಿಂದ ಗುಡಿವಾಡ ಮೇಲೆ ಕೈಕಲೂರಿಗೆ ಹೋದರೆ ಪಕ್ಕದಲ್ಲೇ ಅಟಪಾಕ. ಅಲ್ಲಿ ದೋಣಿಯಲ್ಲಿ ಕೂತು ಹೆಜ್ಜಾರ್ಲೆಗಳನ್ನು ನೋಡಬಹುದು. ತೆಲುಗಿನಲ್ಲಿ ಗೂಡಬಾತು ಅಂತಾರೆ. ದೊಡ್ಡ ಮರಗಳು ಅಲ್ಲಿ ಕಡಿಮೆ. ಅದಕ್ಕೇ ಅರಣ್ಯ ಇಲಾಖೆಯವರು ನೀರಿನ ನಡುವೆ ಕಬ್ಬಿಣದ ಸ್ಟ್ಯಾಂಡು ನೆಟ್ಟಿದ್ದಾರೆ. ಹಕ್ಕಿಗಳು ಅದರ ಮೇಲೆಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ನಮ್ಮ ಹುಡುಗರ ಗೋಳು ಶುರುವಾಗಿದ್ದೇ ಅಲ್ಲಿ. "ಕಾಕಾ, ದೋಣಿ ಸ್ವಲ್ಪ ಆ ಕಡೆ ತಿರುಗಿಸೋಕೆ ಹೇಳಿ, ಆ ಕಬ್ಬಿಣ ಕಾಣದ ಹಾಗೆ ತೆಗೀಬೇಕು." ದೋಣಿ ಆ ಕಡೆ ತಿರುಗಿತು. ಆ ಕಡೆಯೂ ಕಬ್ಬಿಣ! ಮತ್ತೆ ಈ ಕಡೆ. ನಾಲ್ಕು ಸಲ ತಿರುಗಿಸಿದ ಮೇಲೆ ದೋಣಿಯವನಿಗೆ ತಡೆಯಲಾಗಲಿಲ್ಲ. "ಅದು ಇಲ್ಲದಿದ್ದರೆ ಹಕ್ಕಿ ಎಲ್ಲಿ ಕೂರುತ್ತೆ ಸಾರ್?" ಅಂದ. ನಾನು ಅನುವಾದ ಮಾಡಿ ಹೇಳಿದೆ. ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಇವತ್ತಿನ ಈ ಜಗಳಕ್ಕೆ ಅದೇ ಕಾರಣ.

ಎರಡು ವಾರ ಬಿಟ್ಟು ಫೋಟೋ ಕಳಿಸಿದ್ದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಹಿಂದಿನಿಂದ ಬಿಸಿಲು, ರೆಕ್ಕೆ ಬಿಚ್ಚಿದ ಹೆಜ್ಜಾರ್ಲೆ, ಚಿನ್ನದಂಥ ನೀರು. ಕಬ್ಬಿಣವಿಲ್ಲ, ದೋಣಿಯಿಲ್ಲ, ಸುತ್ತಲಿನ ಮೀನಿನ ಹೊಂಡಗಳೂ ಇಲ್ಲ. ಕೆಳಗೆ ಬರೆದಿದ್ದು: "ಸೈಬೀರಿಯಾದಿಂದ ಬಂದ ಅತಿಥಿ, ಕನ್ಯೆಯಂಥ ಪ್ರಕೃತಿಯ ಮಡಿಲಲ್ಲಿ".

ಸ್ವಾಮೀ, ಈ ಹಕ್ಕಿ ಸೈಬೀರಿಯಾದ್ದಲ್ಲ! ಇದು ದಕ್ಷಿಣ ಭಾರತದಲ್ಲಿ, ಶ್ರೀಲಂಕಾದಲ್ಲಿ, ಕಾಂಬೋಡಿಯಾದಲ್ಲಿ ಮರಿ ಮಾಡುವ ಹಕ್ಕಿ. ಕೊಲ್ಲೇರಿನ ಸೀಮೆಯಲ್ಲಿ ಇದರ ದೊಡ್ಡ ಗೂಡುತಾಣವನ್ನು ಕೇರಳದ ಪಕ್ಷಿತಜ್ಞ ಕೆ.ಕೆ. ನೀಲಕಂಠನ್ 1946ರಲ್ಲೇ ಕಂಡು ದಾಖಲಿಸಿದ್ದರು. ನಮ್ಮ ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಹುಣಸೆಮರದ ಮೇಲೆ ಕೂರುತ್ತಲ್ಲ, ಅದೇ ಹಕ್ಕಿ. ಚಳಿಗಾಲದಲ್ಲಿ ಉತ್ತರದಿಂದ ಬರುವ ಬಾತುಗಳು ಕೊಲ್ಲೇರಿನಲ್ಲಿ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಹೆಜ್ಜಾರ್ಲೆ ಇಲ್ಲಿನದೇ. ಪರದೇಶಿ ಯಾರಾದರೂ ಆ ದೋಣಿಯಲ್ಲಿದ್ದರೆ ಅದು ಬಾಗಲಕೋಟೆಯಿಂದ ಬಂದ ನಾನು!

ಸೈಬೀರಿಯಾ ಅಂದರೇನು ನಷ್ಟ ಅಂತೀರಾ? ನಷ್ಟ ಇದೆ. ಅತಿಥಿ ಅಂದ ಕೂಡಲೇ ಅದು ಬಂದು ಹೋಗುವ ಹಕ್ಕಿ ಆಯಿತು. ಹೋದರೆ ಹೋಯಿತು, ಇನ್ನೊಂದು ವರ್ಷ ಬಂದೀತು. ಆದರೆ ಅದರ ಮನೆಯೇ ಇದು ಅಂತ ಗೊತ್ತಾದರೆ, ಮನೆ ಏನಾಯಿತು ಅಂತ ಕೇಳಬೇಕಾಗುತ್ತೆ. ಕೊಲ್ಲೇರು 1999ರಲ್ಲಿ ಅಭಯಾರಣ್ಯ ಆಯಿತು, 2002ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಷ್ಟರಲ್ಲಾಗಲೇ ಕೆರೆಯ ದೊಡ್ಡದೊಂದು ಭಾಗ ಮೀನಿನ ಹೊಂಡವಾಗಿತ್ತು. 2006ರಲ್ಲಿ 'ಆಪರೇಷನ್ ಕೊಲ್ಲೇರು' ಅಂತ ಹೆಸರಿಟ್ಟು ಏರಿಗಳನ್ನು ಒಡೆಸಿದರು. ಆಮೇಲೆ ಹೊಂಡಗಳು ಮತ್ತೆ ಬಂದವು. ಆ ಹೊಂಡದಲ್ಲಿ ದುಡಿದು ತಿನ್ನುವ ಬಡವರೂ ಇದ್ದಾರೆ, ಅವರದ್ದೂ ಒಂದು ಕಥೆ ಇದೆ. ಒಂದು ಹಕ್ಕಿ ಕಬ್ಬಿಣದ ಮೇಲೆ ಗೂಡು ಕಟ್ಟಿದೆ ಅಂದರೆ ಇಷ್ಟೆಲ್ಲ ಆ ಕಬ್ಬಿಣದಲ್ಲೇ ಇದೆ. ನಮ್ಮ ಹುಡುಗರು ಕತ್ತರಿಸಿ ಎಸೆದದ್ದು ಕಸವನ್ನಲ್ಲ, ಸುದ್ದಿಯನ್ನು.

ಅರಕುವಿನ ಕಥೆ ಇನ್ನೂ ಚೆನ್ನಾಗಿದೆ ಕೇಳಿ.

ರೈಲಿನಲ್ಲಿ ಹೋದೆವು. ಕೊತ್ತವಲಸ–ಕಿರಂದುಲ್ ಮಾರ್ಗ, ಗಾಜಿನ ಚಾವಣಿಯ ಬೋಗಿ, ಒಂದರ ಹಿಂದೊಂದು ಸುರಂಗ. ಬೈಲಾಡಿಲಾ ಗಣಿಯ ಕಬ್ಬಿಣದ ಅದಿರನ್ನು ವಿಶಾಖಪಟ್ಟಣದ ಬಂದರಿಗೆ ತಂದು ಜಪಾನಿಗೆ ಕಳಿಸಬೇಕು ಅಂತ 1960ರ ದಶಕದಲ್ಲಿ ಹಾಕಿದ ಹಳಿ ಅದು. ಕಿಟಕಿಯಾಚೆ ಅದಿರಿನ ಗೂಡ್ಸ್ ಗಾಡಿ ಬಂದಾಗಲೆಲ್ಲ ಹುಡುಗರು ಕ್ಯಾಮೆರಾ ಕೆಳಗಿಳಿಸುತ್ತಿದ್ದರು, ಅದು ದಾಟಿದ ಮೇಲೆ ಮತ್ತೆ ಕಣ್ಣಿಗೇರಿಸುತ್ತಿದ್ದರು. ಆ ಗಾಡಿಗೋಸ್ಕರವೇ ಆ ಕಣಿವೆಗೆ ರೈಲು ಬಂದಿದ್ದು!

ಅರಕುವಿನಲ್ಲಿ ಒಬ್ಬ ಹೆಂಗಸು ಸೌದೆ ಹೊರೆ ಹೊತ್ತು ರಸ್ತೆ ಬದಿಯಲ್ಲಿ ಬರುತ್ತಿದ್ದಳು. ಮಂಜು, ಇಳಿಬಿಸಿಲು, ಎಲ್ಲಾ ಕೂಡಿಬಂದಿತ್ತು. ಆದರೆ ಕೈಯಲ್ಲಿ ಮೊಬೈಲು! "ಕಾಕಾ, ಅದನ್ನ ಒಳಗಿಡೋಕೆ ಹೇಳಿ." ಹೇಳಿದೆ. ಇಟ್ಟಳು. "ಇನ್ನೊಂದು ಸಲ ಅಲ್ಲಿಂದ ನಡೆದು ಬರೋಕೆ ಹೇಳಿ." ಹೇಳಿದೆ. ಹೊರೆ ಸಮೇತ ಹಿಂದೆ ಹೋಗಿ ಮತ್ತೆ ಬಂದಳು. ಮೂರು ಸಲ. ನಾನು ಹೇಳಿದ್ದು ಅಂತ ಮೂರು ಸಲವೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಪಾಪದಲ್ಲಿ ನನ್ನ ಪಾಲೂ ಇದೆ. ಎಲ್ಲಾ ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಮಾತು: "ಆ ಫೋಟೋ ನನ್ನ ಫೋನಿಗೆ ಹಾಕ್ತಾರಾ?" ಹುಡುಗರು ಇಪ್ಪತ್ತು ರೂಪಾಯಿ ಕೊಡಲು ಹೋದರು. ಆಕೆ ತೆಗೆದುಕೊಳ್ಳಲಿಲ್ಲ, ಹೊರೆ ಸರಿಮಾಡಿಕೊಂಡು ಹೊರಟುಹೋದಳು.

ಆ ಫೋಟೋಕ್ಕೆ ಹಾಕಿದ ಶೀರ್ಷಿಕೆ "ನಾಗರಿಕತೆ ಮುಟ್ಟದ ಮುಗ್ಧತೆ". ಅರಕುವಿನ ಗಿರಿಜನರು ಬೆಳೆಯುವ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅದಕ್ಕೂ ಮೊದಲೇ, 2017ರಲ್ಲಿ, ಪ್ಯಾರಿಸ್ಸಿನಲ್ಲಿ ಅರಕು ಹೆಸರಿನಲ್ಲೇ ಕಾಫಿ ಅಂಗಡಿ ತೆರೆದಿತ್ತು. ಪ್ಯಾರಿಸ್ಸಿನವರಿಗೆ ಕಾಫಿ ಕುಡಿಸುವ ಸೀಮೆಯ ಹೆಂಗಸನ್ನು ನಾಗರಿಕತೆ ಮುಟ್ಟಿಲ್ಲವಂತೆ. ಮುಟ್ಟಿತ್ತು ಸ್ವಾಮಿ, ಕೈಯಲ್ಲೇ ಇತ್ತು. ಒಳಗಿಡಿಸಿದ್ದು ನಾವು!

ಇದು ನಮ್ಮ ನಾಲ್ಕು ಹುಡುಗರ ಕಥೆ ಮಾತ್ರ ಅಂದುಕೊಂಡಿರಾ? ಇಡೀ ಏಷ್ಯಾದ ಪ್ರವಾಸಿ ಫೋಟೋಗಳನ್ನು ಒಂದು ಸಲ ಸಾಲಾಗಿ ಇಟ್ಟು ನೋಡಿ. ಬರ್ಮಾದ ಇನ್ಲೇ ಸರೋವರದಲ್ಲಿ ಒಂಟಿಕಾಲಲ್ಲಿ ಹುಟ್ಟು ಹಾಕುತ್ತಾ ಬಿದಿರಿನ ದೊಡ್ಡ ಬುಟ್ಟಿ ಎತ್ತಿ ನಿಂತ ಬೆಸ್ತ. ಚೀನಾದ ಲೀ ನದಿಯಲ್ಲಿ ನೀರುಕಾಗೆ ಕೂರಿಸಿಕೊಂಡು ಲಾಂದ್ರ ಹಿಡಿದ ಬಿಳಿಗಡ್ಡದ ಅಜ್ಜ. ಶ್ರೀಲಂಕಾದ ಕೊಗ್ಗಲದಲ್ಲಿ ಸಮುದ್ರದೊಳಗೆ ಕೋಲಿನ ಮೇಲೆ ಕೂತು ಗಾಳ ಹಾಕುವವರು. ಕ್ಯಾಲೆಂಡರಿನಲ್ಲಿ ನೋಡದವರಿಲ್ಲ. ಈ ಮೂರೂ ಜಾಗದಲ್ಲಿ ಇವತ್ತು ಕ್ಯಾಮೆರಾ ಕಂಡರೆ ಭಂಗಿ ಕೊಟ್ಟು ದುಡ್ಡು ಕೇಳುವವರೇ ಹೆಚ್ಚು. ಅವರನ್ನು ಬೈಯುವುದಿಲ್ಲ. ಮೀನಿಗಿಂತ ಫೋಟೋ ಹೆಚ್ಚು ದುಡ್ಡು ಕೊಡುವಾಗ ಯಾರು ತಾನೇ ಮೀನು ಹಿಡಿದಾರು? ಆದರೆ ಅದನ್ನು 'ಶತಮಾನಗಳಿಂದ ಬದಲಾಗದ ಬದುಕು' ಅಂತ ಮಾರುತ್ತಾರಲ್ಲ, ಅವರನ್ನು ಬೈಯಬೇಕು. ಜಪಾನಿನಲ್ಲಿ ಒಂದು ಊರಿನವರಿಗೆ ಫೂಜಿ ಪರ್ವತದ ಫೋಟೋ ತೆಗೆಯುವವರ ಕಾಟ ತಡೆಯಲಾಗದೆ 2024ರ ಮೇ ತಿಂಗಳಲ್ಲಿ ರಸ್ತೆ ಬದಿಗೆ ಎತ್ತರದ ಕರಿ ಪರದೆಯನ್ನೇ ಕಟ್ಟಿಬಿಟ್ಟರು. ಬೆಟ್ಟವನ್ನೇ ಮುಚ್ಚುವಷ್ಟು ಬೇಸತ್ತಿದ್ದರು ಅಂದರೆ ಯೋಚನೆ ಮಾಡಿ!

ನಾನೇನು ಸಾಚಾ ಅಲ್ಲ. 1988ರಲ್ಲಿ ಕೆಲಸಕ್ಕೆ ಅಂತ ವಿಶಾಖಪಟ್ಟಣಕ್ಕೆ ಬಂದಾಗ ಮೊದಲ ವರ್ಷದ ಬೋನಸ್ಸಿನಲ್ಲಿ ಒಂದು ಹಳೆ ಯಾಶಿಕಾ ಕೊಂಡಿದ್ದೆ. ಭಾನುವಾರ ಭೀಮಿಲಿ ಬಸ್ಸು ಹತ್ತಿ ಎರ್ರ ಮಟ್ಟಿ ದಿಬ್ಬಲು ಅನ್ನುವಲ್ಲಿ ಇಳಿಯುತ್ತಿದ್ದೆ. ಕಡಲ ಪಕ್ಕದ ಕೆಂಪು ಮರಳಿನ ದಿಬ್ಬಗಳು. ಮಳೆನೀರು ಕೊರೆದು ಕೊರೆದು ಕಣಿವೆ ಮಾಡಿಬಿಟ್ಟಿದೆ. ಕಡಲು ಹಿಂದೆ ಸರಿದು ಮುಂದೆ ಬಂದು ಸಾವಿರಾರು ವರ್ಷಗಳಲ್ಲಿ ಆದದ್ದು, ಕಬ್ಬಿಣದ ಅಂಶದಿಂದ ಕೆಂಪಾದದ್ದು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂಪರಂಪರೆಯ ತಾಣ ಅಂತ ಗುರುತಿಸಿದೆ. ಮೂವತ್ತಾರು ಫೋಟೋದ ರೀಲು ದುಬಾರಿ. ಹಾಗಾಗಿ ಒಂದೊಂದು ಫೋಟೋಕ್ಕೂ ಮಂಡಿಯೂರಿ, ಆ ಕರೆಂಟು ಕಂಬ ಬರಬಾರದು, ಈ ಗಾಳಿಮರದ ತೋಪು ಬರಬಾರದು ಅಂತ ಹಟ ಹಿಡಿದು ತೆಗೆಯುತ್ತಿದ್ದೆ. ಇವತ್ತು ಆ ಫೋಟೋ ತೆಗೆದು ನೋಡಿದರೆ ಎಲ್ಲಾ ಕೆಂಪು, ಕೆಂಪು, ಕೆಂಪು. ದಿಬ್ಬದ ಅಂಚು ಆಗ ಎಲ್ಲಿಯವರೆಗೆ ಇತ್ತು? ಹೇಳಲಾರೆ. ಕಂಬ ಇದ್ದಿದ್ದರೆ ಹೇಳಬಹುದಿತ್ತು. ತೋಪು ಇದ್ದಿದ್ದರೆ ಅಳೆಯಬಹುದಿತ್ತು. ನಾನೇ ಕಷ್ಟಪಟ್ಟು ಸಾಕ್ಷಿಯನ್ನು ಹೊರಗಿಟ್ಟಿದ್ದೆ.

2024ರಲ್ಲಿ ಆ ದಿಬ್ಬಗಳ ಪಕ್ಕ ಜೆಸಿಬಿ ಓಡಾಡಿ ನೆಲ ಸಮ ಮಾಡತೊಡಗಿದಾಗ ಗಲಾಟೆಯಾಯಿತು, ಕೆಲಸ ನಿಂತಿತು. ಆಗ ಕೆಲಸಕ್ಕೆ ಬಂದಿದ್ದು ನನ್ನಂಥವರ 'ಭೂಮಿಯ ಮೌನ' ಅನ್ನುವ ಫೋಟೋಗಳಲ್ಲ. ಜೆಸಿಬಿ, ಟಯರಿನ ಗುರುತು, ಅಗೆದ ಮಣ್ಣು ಎಲ್ಲಾ ಕಾಣುವ ಹಾಗೆ ಸ್ಥಳೀಯರು ತೆಗೆದ ಚಿತ್ರಗಳು. ಚಂದ ಇಲ್ಲದ ಚಿತ್ರಗಳು!

ಅದೇ ಕಡಲ ದಾರಿಯಲ್ಲಿ ರುಷಿಕೊಂಡ ಇದೆ. 2021ರಿಂದ ಆ ಗುಡ್ಡವನ್ನು ಕಡಿದು ಮೇಲೆ ಕಟ್ಟಡ ಕಟ್ಟಿದರು. ಹೈಕೋರ್ಟಿನವರೆಗೂ ಹೋಯಿತು. ಕಡಿದ ಇಳಿಜಾರು ಬೋಳಾಗಿ ಕಾಣುತ್ತಿತ್ತಲ್ಲ, ಅದಕ್ಕೆ ಹಸಿರು ಹೊದಿಕೆ ಹಾಸಿದರು. ಊರೆಲ್ಲಾ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನಾವು ಕಂಪ್ಯೂಟರಿನಲ್ಲಿ ಕೂತು ಫೋಟೋಕ್ಕೆ ಮಾಡುವುದನ್ನೇ ಅವರು ಗುಡ್ಡಕ್ಕೆ ಮಾಡಿದ್ದರು, ಅಷ್ಟೇ.

ಇನ್ನು ವಿಜಯವಾಡ. ಇಲ್ಲಿನ ಪ್ರಕಾಶಂ ಬ್ಯಾರೇಜಿನ ಮೇಲೆ ಸೂರ್ಯ ಮುಳುಗುವ ಫೋಟೋ ತೆಗೆಯದವರು ಇಲ್ಲ. 1957ರಲ್ಲಿ ಮುಗಿದ ಸೇತುವೆ, ಹಿಂದೆ ಇಂದ್ರಕೀಲಾದ್ರಿ, ಮುಂದೆ ಕೃಷ್ಣೆ, ನಿಜಕ್ಕೂ ನೋಡುವಂಥದ್ದೇ. ಆದರೆ ಇದೇ ಊರಿನ ಮಗ್ಗುಲಲ್ಲಿ ಬುಡಮೇರು ಅಂತ ಒಂದು ಹಳ್ಳ ಹರಿಯುತ್ತೆ. ಅದರ ಫೋಟೋ ಎಷ್ಟು ಜನ ನೋಡಿದ್ದೀರಿ? ಒಬ್ಬರೂ ಇಲ್ಲ. ಕೊಳಚೆ ಹಳ್ಳದ ಫೋಟೋ ಯಾರಿಗೆ ಬೇಕು? 2024ರ ಸೆಪ್ಟೆಂಬರ್ 1ರಂದು ಅದೇ ಹಳ್ಳ ಏರಿ ಒಡೆದು ಸಿಂಗ್ ನಗರ ಕಡೆಯ ಬಡಾವಣೆಗಳನ್ನು ಮುಳುಗಿಸಿತು. ಆ ಕಡೆ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು. ಜನ ದಿನಗಟ್ಟಲೆ ತಾರಸಿಯ ಮೇಲೆ ಕೂತರು. ಡ್ರೋನಿನಲ್ಲಿ ಊಟ ಇಳಿಸಿದರು. ನನ್ನ ಜೊತೆ ಕೆಲಸ ಮಾಡಿ ರಿಟೈರ್ ಆದ ಗೆಳೆಯನೊಬ್ಬ ಮೂರು ದಿನ ಮೊದಲ ಮಹಡಿಯಲ್ಲಿದ್ದ. "ಇಷ್ಟು ವರ್ಷ ಇದ್ದೇವೆ, ಈ ಹಳ್ಳ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಾನು ಒಂದು ಸಲವೂ ನೋಡಿರಲಿಲ್ಲ ಕಣಯ್ಯಾ" ಅಂದ. ಎಲ್ಲಿಗೆ ಹೋಗುತ್ತೆ ಗೊತ್ತೇ? ಕೊಲ್ಲೇರಿಗೆ! ಹೌದು, ನಮ್ಮ ಹುಡುಗರು ಕಬ್ಬಿಣ ಕಾಣದ ಹಾಗೆ ಫೋಟೋ ತೆಗೆದ ಅದೇ ಕೊಲ್ಲೇರಿಗೆ. ಒಂದೇ ಸೇತುವೆಯ ಮೇಲೆ ನಿಂತು ವರ್ಷಕ್ಕೊಂದು ಫೋಟೋ ಯಾರಾದರೂ ತೆಗೆದಿದ್ದರೆ, ಹಳ್ಳ ಹೇಗೆ ಹೇಗೆ ಸಣ್ಣದಾಯಿತು ಅಂತ ಮಕ್ಕಳೂ ತೋರಿಸಬಹುದಿತ್ತು.

ಈಗ ನನ್ನ ಮೇಲೆ ಬರುವ ಬಾಣಗಳು ಗೊತ್ತು. "ಫೋಟೋಗ್ರಫಿ ಅಂದರೇ ಆರಿಸುವುದು. ಏನನ್ನೂ ಬಿಡದೆ ಫ್ರೇಮ್ ಮಾಡೋಕೆ ಆಗುತ್ತಾ?" ಅಂತ ಅಳಿಯನೇ ಕೇಳಿದ. ಆಗಲ್ಲ ಮಾರಾಯ. ಬಿಡುವುದು ತಪ್ಪಲ್ಲ. ಬಿಟ್ಟು, ಅದು ಇಲ್ಲವೇ ಇಲ್ಲ ಅಂತ ಕೆಳಗೆ ಬರೆಯುವುದು ತಪ್ಪು. 'ಕನ್ಯೆಯಂಥ ಪ್ರಕೃತಿ' ಅನ್ನುವುದು ಕ್ಯಾಮೆರಾದ ಮಾತಲ್ಲ, ನಿನ್ನ ಮಾತು.

"ಚಂದದ ಫೋಟೋ ನೋಡಿಯೇ ಜನಕ್ಕೆ ಕಾಡಿನ ಮೇಲೆ, ಹಕ್ಕಿಯ ಮೇಲೆ ಪ್ರೀತಿ ಹುಟ್ಟೋದು" ಅನ್ನುವುದು ಎರಡನೆಯದು. ಇದರಲ್ಲಿ ನಿಜ ಇದೆ. ನಮ್ಮ ಕನ್ನಡದವರಲ್ಲೇ ಎಂಥೆಂಥವರಿದ್ದರು! ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಾಗಿ ತಪಸ್ಸು ಮಾಡಿದವರು. ಆದರೆ ಅವರು ಹಕ್ಕಿಯ ಹೆಸರು, ಗುಣ, ವಾಸ ಎಲ್ಲಾ ಬರೆದರು. ಓದಿದವರಿಗೆ ಹಿತ್ತಲ ಹಕ್ಕಿಯ ಗುರುತು ಸಿಕ್ಕಿತು. ಬರೀ ಚಂದ ಕೊಟ್ಟು ಸುಮ್ಮನಾಗಲಿಲ್ಲ. ಇನ್ನು ಕೊಕ್ಕರೆ ಬೆಳ್ಳೂರಿನವರು ಯಾವ ಫೋಟೋ ನೋಡಿ ಹಕ್ಕಿ ಸಾಕಿದರು? ಊರಿನ ಮರದಲ್ಲಿ, ತಲೆಯ ಮೇಲೆ ಹಿಕ್ಕೆ ಹಾಕಿಸಿಕೊಂಡು, ನಾತ ಸಹಿಸಿಕೊಂಡು ಸಾಕಿದರು. ಆ ನಾತ ಯಾವ ಫೋಟೋದಲ್ಲೂ ಬರುವುದಿಲ್ಲ, ಬಿಡಿ.

ಫೋಟೋದಿಂದ ಏನಾಗಬಹುದು ಅನ್ನುವುದಕ್ಕೆ ಹಂಪಿಯನ್ನೇ ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಯ ಫೋಟೋ ತೆಗೆದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಪುರ ಉಳಿಯಿತು ಎಲ್ಲಾ ಕಾಣುತ್ತೆ. ಗ್ರೀನ್‌ಲಾ ಪೊದೆ, ಮುರುಕಲು ಕಲ್ಲು ಬೇಡ ಅಂತ ಕತ್ತರಿಸಿದ್ದರೆ ಇದು ಸಾಧ್ಯವಿತ್ತೇ?

ಇಷ್ಟೆಲ್ಲಾ ಯಾಕೆ ಕುದಿಯುತ್ತೀ ಅಂದರೆ, ಒಂದು ಸ್ವಂತ ಮಾತು ಹೇಳಿಬಿಡುತ್ತೇನೆ.

ನಮ್ಮ ಮನೆ ಬಾಗಲಕೋಟೆಯ ಹಳೆ ಊರಿನಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದು ಮುಳುಗಿದ ಓಣಿಗಳಲ್ಲಿ ನಮ್ಮದೂ ಒಂದು. ಪರಿಹಾರ ಬಂತು, ನವನಗರ ಬಂತು, ನಾನಾಗಲೇ ಇಲ್ಲಿದ್ದೆ. ಆ ಮನೆಯದ್ದು ನಮ್ಮ ಹತ್ತಿರ ಇರುವುದು ಒಂದೇ ಫೋಟೋ, 1979ರಲ್ಲಿ ನಮ್ಮ ಅಕ್ಕನ ಮದುವೆಯದ್ದು. ಸ್ಟುಡಿಯೋದವನು "ಗ್ವಾಡಿ ಚಂದ ಕಾಣಂಗಿಲ್ರೀ" ಅಂತ ಮನೆಯ ಮುಂದೆ ಒಂದು ಪರದೆ ಕಟ್ಟಿದ್ದ. ಪರದೆಯ ಮೇಲೆ ಏನು ಗೊತ್ತೇ? ಕಾಶ್ಮೀರದ ಥರದ ಒಂದು ಸರೋವರ, ಹಂಸ, ದೋಣಿ! ಅದರ ಮುಂದೆ ನಾವೆಲ್ಲ ಸಾಲಾಗಿ ನಿಂತಿದ್ದೇವೆ. ಪರದೆ ಎಡಕ್ಕೆ ಒಂದು ಮೊಳ ಸಾಲದೇ ಬಂದಿದೆ. ಆ ಒಂದು ಮೊಳದಲ್ಲಿ ನಮ್ಮ ಕಟ್ಟೆಯ ತುದಿ, ಬೇವಿನ ಮರದ ಬೊಡ್ಡೆ, ಅವ್ವ ನೀರು ತುಂಬಿಡುತ್ತಿದ್ದ ಹಂಡೆ. ಅಷ್ಟೇ. ಅವ್ವ ಸಾಯುವ ಮೊದಲು ವಿಜಯವಾಡಕ್ಕೆ ಬಂದು ನಮ್ಮ ಜೊತೆ ಇದ್ದಳು. ಫೋಟೋ ಕೊಟ್ಟರೆ ಮದುಮಗಳನ್ನು ನೋಡುತ್ತಿರಲಿಲ್ಲ, ಆ ಎಡಗಡೆಯ ಒಂದು ಮೊಳದ ಮೇಲೆ ಬೆರಳಿಟ್ಟು ಕೂರುತ್ತಿದ್ದಳು. ಬಣ್ಣದ ಸರೋವರ ಮೊದಲು ನಮ್ಮ ಮನೆ ಮುಚ್ಚಿತು, ನಿಜವಾದ ನೀರು ಆಮೇಲೆ.

ಅದಕ್ಕೇ ಹೇಳುತ್ತಿದ್ದೇನೆ. ಕ್ಯಾಮೆರಾ ಮಾರಿಬಿಡಿ ಅನ್ನುತ್ತಿಲ್ಲ. ನಾಲ್ಕು ಮಾತು ಕೇಳಿ ಸಾಕು. ಊರಿನ ಹೆಸರು, ತಾರೀಕು ಬರೆಯಿರಿ. ಗೂಡಿನ ವಿಳಾಸ ಮಾತ್ರ ಬೇಡ, ಮಾರನೆಯ ದಿನ ಐವತ್ತು ಜನ ಬಂದು ಮರಿಗಳನ್ನು ಹೆದರಿಸುತ್ತಾರೆ. ಏನನ್ನು ಹೊರಗಿಟ್ಟಿರಿ ಅಂತ ಒಂದು ಸಾಲು ಬರೆಯಿರಿ: "ಹಕ್ಕಿ ಕೂತಿರುವುದು ಇಲಾಖೆಯವರು ನೆಟ್ಟ ಕಬ್ಬಿಣದ ಮೇಲೆ", ಇಷ್ಟೇ. ಮನುಷ್ಯರ ಫೋಟೋ ತೆಗೆದರೆ ಕೇಳಿ ತೆಗೆಯಿರಿ, ಅವರಿಗೂ ಒಂದು ಕೊಡಿ. ಕೊನೆಯದು, ನೀವು ಮಸ್ಕತ್‌ನಲ್ಲಿರಿ, ಪುಣೆಯಲ್ಲಿರಿ, ನ್ಯೂಜೆರ್ಸಿಯಲ್ಲಿರಿ, ಊರಿಗೆ ಹೋದಾಗ ಜಲಪಾತಕ್ಕೆ ಹೋಗುವ ಮೊದಲು ನಿಮ್ಮ ಓಣಿಯ ಒಂದು ಫೋಟೋ ತೆಗೆಯಿರಿ. ಕರೆಂಟು ಕಂಬ, ಚರಂಡಿ, ಎಮ್ಮೆ, ಎಲ್ಲಾ ಬರಲಿ. ಮುಂದಿನ ವರ್ಷ ಅಲ್ಲೇ ನಿಂತು ಇನ್ನೊಂದು.

ನಾನು ಶುರು ಮಾಡಿದ್ದೇನೆ. 2024ರ ಅಕ್ಟೋಬರಿನಿಂದ ತಿಂಗಳಿಗೊಂದು ಸಲ ಬುಡಮೇರಿನ ಒಂದು ಸೇತುವೆಯ ಮೇಲೆ ಹೋಗಿ, ಅದೇ ಕಟಕಟೆಗೆ ಒರಗಿ, ಒಂದು ಫೋಟೋ ತೆಗೆದು ಬರುತ್ತೇನೆ. ಮೊಬೈಲಿನಲ್ಲೇ. ನೀರು ಕಪ್ಪಗಿರುತ್ತೆ, ಅಂತರಗಂಗೆ ತುಂಬಿರುತ್ತೆ, ಬಿಸಿಲು ತಲೆ ಸುಡುತ್ತೆ. ಬೆಜವಾಡ ಅಲ್ಲ, ಇದು ಬ್ಲೇಜ್‌ವಾಡ ಅಂತ ಸುಮ್ಮನೆ ಅನ್ನುವುದಿಲ್ಲ! ಮೊನ್ನೆ ನನ್ನ ಹೆಂಡತಿ, "ಅಲ್ರೀ, ಗಟಾರದ ಫೋಟೋ ತೆಗೆಯಾಕ ಇಷ್ಟು ದೂರ ಹೋಗ್ತೀರಲ್ಲ, ಎದಿರಿಗೆ ಕೃಷ್ಣಾ ನದಿ ಐತಿ" ಅಂದಳು. ಕೃಷ್ಣೆಯ ಫೋಟೋ ತೆಗೆಯಲು ಸಾವಿರ ಜನ ಇದ್ದಾರೆ, ಹಳ್ಳಕ್ಕೆ ನಾನೊಬ್ಬನೇ ಅಂದೆ.

ನಿಮ್ಮೂರಿನ ಹಳ್ಳಕ್ಕೆ ಯಾರಿದ್ದಾರೆ?